ಕತ್ತರಿಸದೆ ಬಿಟ್ಟ ಉಸಿರು

ಅವನು ನನ್ನೊಡನೆ ಆಡಿದ ಮೊದಲ ಮಾತು, "ಸ್ವಲ್ಪ ಉಸಿರಾಡದೆ ಹಾಡ್ತೀರಾ?" ಎಂಬುದು.

ಗಾಜಿನ ಆಚೆ ಕೂತಿದ್ದ. ಕಿವಿಯ ಮೇಲೆ ದೊಡ್ಡ ಹೆಡ್‌ಫೋನು, ಮುಖದ ಮೇಲೆ ಮೂರು ದಿನದ ಗಡ್ಡ, ಬೆರಳು ಮೌಸಿನ ಮೇಲೆ. ಗಾಜಿನ ಈಚೆ ಮೈಕಿನ ಮುಂದೆ ನಾನು, ಕೈಯಲ್ಲಿ ಹಾಡಿನ ಹಾಳೆ.

"ಉಸಿರಾಡದೆ ಹಾಡಿದೋರು ಯಾರಾದ್ರೂ ಇದ್ದಾರಾ?" ಎಂದೆ.

"ಇಲ್ಲಿ ಎಲ್ಲರೂ ಹಂಗೇ. ನಾನು ತೆಗೆದುಬಿಡ್ತೀನಲ್ಲ."

"ಹಾಗಾದ್ರೆ ನಂದೂ ತೆಗೀರಿ. ನನಗೆ ಇನ್ನೂ ಸ್ವಲ್ಪ ದಿನ ಬದುಕಬೇಕು ಅಂತಿದೆ."

ಆಗ ತಲೆ ಎತ್ತಿ ನೋಡಿದ. ನಗಲಿಲ್ಲ. ನಗುವುದೋ ಬೇಡವೋ ಎಂದು ತುಟಿಯ ಒಂದು ಕೊನೆ ಇನ್ನೊಂದು ಕೊನೆಯನ್ನು ಕೇಳುತ್ತಿರುವಂತೆ ಕಂಡಿತು. ಆ ಕೊನೆಯೇ ನನ್ನ ಮನೆ ಹಾಳು ಮಾಡಿತು.

ನನ್ನ ಕೆಲಸವನ್ನು ಹೇಳಬೇಕು. ಸ್ಟುಡಿಯೋದ ಹಾಡುಗಾರರಿಗೆ ಅಕ್ಷರ ಬಾಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ, ಅವರು ಬರುವ ಮುಂಚೆ ನಾನು ಇಡೀ ಹಾಡನ್ನು ಸ್ಪಷ್ಟವಾಗಿ ಹಾಡಿಡುತ್ತೇನೆ. ಅವರು ಅದನ್ನು ಕಿವಿಗಿಟ್ಟುಕೊಂಡು ಒಂದೊಂದೇ ಸಾಲು ಗಿಳಿಯ ಹಾಗೆ ಒಪ್ಪಿಸುತ್ತಾರೆ. ಆಮೇಲೆ ನನ್ನ ದನಿಯನ್ನು ಅಳಿಸುತ್ತಾರೆ. ಎಲ್ಲರೂ ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು. ಅವನ ಹೆಸರು ಕತ್ತರಿ. ಹಾಡಿದವರ ಉಸಿರನ್ನೆಲ್ಲ ಕತ್ತರಿಸಿ, ಜಾರಿದ ಸ್ವರವನ್ನು ಎಳೆದು ಕೂರಿಸಿ, ಸತ್ತವರ ಮುಖಕ್ಕೆ ಪೌಡರ್ ಹಚ್ಚಿದ ಹಾಗೆ ನುಣ್ಣಗೆ ಮಾಡುವುದು ಅವನ ಕೆಲಸ.

ನಾನು ಬೆಳೆದ ಮನೆ ಬೇರೆ. ನನ್ನನ್ನು ಸಾಕಿದ ಅಜ್ಜಿ ಬೆಳಗ್ಗೆ ಎದ್ದರೆ ಮೊದಲು ಪದ್ಯ, ಆಮೇಲೆ ನೀರು. ಪುಸ್ತಕವಿಲ್ಲ. ಅವಳ ಅಜ್ಜಿಯ ಬಾಯಿಂದ ಅವಳ ಬಾಯಿಗೆ, ಅವಳಿಂದ ನನಗೆ ಬಂದ ನೂರಾರು ಪದ್ಯ. ನನಗೆ ಅರ್ಥ ಹೇಳಿಕೊಡುವ ಮುಂಚೆ ಅವಳು ಕಲಿಸಿದ್ದು ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದನ್ನು. "ಸಾಲು ದೇವರದ್ದು ಕಣೆ, ಉಸಿರು ನಿನ್ನದು. ನೀನು ಕೊಡೋಕೆ ಇರೋದು ಅದೊಂದೇ," ಎನ್ನುತ್ತಿದ್ದಳು. ಅಂಥ ಉಸಿರನ್ನು ಇವನು ದಿನಕ್ಕೆ ಇನ್ನೂರರಂತೆ ಕಸದ ಬುಟ್ಟಿಗೆ ಹಾಕುತ್ತಿದ್ದ, ಅದೂ ಬಾಳೆಹಣ್ಣು ತಿನ್ನುತ್ತ.

ಸ್ಟುಡಿಯೋ ಯಜಮಾನರಿಗೆ ಪ್ರತಿ ಸೋಮವಾರ ಒಂದು ದಂತಕಥೆ ಹುಟ್ಟಬೇಕು. "ಈ ಸಲ ಲೆಜೆಂಡ್ ಮಾಡ್ತೀವಿ, ಬರೆದಿಟ್ಕೊಳ್ಳಿ," ಎನ್ನುವರು. ನಾನು ಬರೆದಿಟ್ಟುಕೊಳ್ಳಲಿಲ್ಲ. ಬರೆದಿದ್ದರೆ ಒಂದು ನೋಟ್‌ಬುಕ್ ತುಂಬಿ, ಅದರಲ್ಲಿರುವ ಒಂದು ಹೆಸರೂ ಇವತ್ತು ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಮೂರು ಹಾಡು ಹಾಡಿದವನ ಮುಖ ಗೋಡೆಯ ಮೇಲೆ ಆಳೆತ್ತರ, ಕೆಳಗೆ 'ಯುಗದ ದನಿ'. ಆ ಯುಗ ಸಾಮಾನ್ಯವಾಗಿ ಏಳು ವಾರ ಇರುತ್ತಿತ್ತು. ಆಮೇಲೆ ಅದೇ ಗೋಡೆಗೆ ಇನ್ನೊಂದು ಮುಖ. ಹಳೆಯದನ್ನು ಕೀಳಲೂ ಬೇಸರ, ಅದರ ಮೇಲೇ ಅಂಟಿಸುವರು. ಗೋಡೆ ದಪ್ಪವಾಗುತ್ತ ಹೋಯಿತು.

ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನಾವಿಬ್ಬರೂ ಜಗಳಕ್ಕೆ ಕೂರುತ್ತಿದ್ದೆವು.

"ನಿಮ್ಮಜ್ಜಿ ಪದ್ಯ ಹುಟ್ಟಿದ ಕಾಲದಲ್ಲೂ ಸಾವಿರ ಕೆಟ್ಟ ಪದ್ಯ ಹುಟ್ಟಿರಬೇಕು ಟೀಚರಮ್ಮ. ಅವೆಲ್ಲ ಸತ್ವು. ಉಳಿದಿದ್ದನ್ನ ಮಾತ್ರ ನೀವು ಕೇಳ್ತಾ ಇದ್ದೀರ. ನಮ್ಮದರಲ್ಲೂ ಒಂದು ಉಳಿಯುತ್ತೆ."

"ಅವು ಸಾಯೋ ಮುಂಚೆ 'ನಾನು ದಂತಕಥೆ' ಅಂತ ಗೋಡೆಗೆ ಅಂಟಿಸ್ಕೊಂಡಿರಲಿಲ್ಲ. ಮರ್ಯಾದೆಯಾಗಿ ಸತ್ವು."

"ನಿಮಗೆ ಹೊಸದು ಯಾವುದೂ ಇಷ್ಟ ಆಗಲ್ವಾ?"

"ಆಗುತ್ತೆ," ಎಂದೆ. ಅವನ ಹೊಸ ಅಂಗಿಯ ಕಾಲರ್ ಒಂದು ಕಡೆ ಒಳಗೆ ಮಡಚಿಕೊಂಡಿತ್ತು. ಅದನ್ನು ನೋಡಬಾರದೆಂದು ಡಬ್ಬಿಯೊಳಗೆ ನೋಡಿದೆ.

ಪರಿಚಯವಾದ ಎಂಟನೆಯ ತಿಂಗಳು ಅವನು ಮೆಟ್ಟಿಲ ಮೇಲೆ ನನ್ನನ್ನು ತಡೆದ. ಎರಡು ಮೆಟ್ಟಿಲು ಕೆಳಗೆ ನಿಂತಿದ್ದರಿಂದ ನನ್ನಷ್ಟೇ ಎತ್ತರವಾಗಿದ್ದ.

"ನನ್ನ ಮದುವೆ ಆಗ್ತೀರಾ?"

ಹೌದು ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ಒಂದು ಹೆದರಿಕೆ ಅದನ್ನು ನುಂಗಿತು. ಏಳು ವಾರದ ಸಾಮಾನು ಮಾಡುವವನ ಕೈ ಇದು. ನನ್ನನ್ನೂ ಏಳು ವಾರಕ್ಕೆ ಮಾಡಿ ಮುಗಿಸಿದರೆ?

"ನೀವು ಮಾಡಿದ ಒಂದು ಹಾಡು, ಹೊರಗೆ ಬಂದು ಒಂದು ವರ್ಷ ಆದ ದಿನ, ಯಾರ ಬಾಯಲ್ಲಾದ್ರೂ ಇರಲಿ. ಫೋನಲ್ಲಲ್ಲ, ಬಾಯಲ್ಲಿ. ಆಗ ಆಗ್ತೀನಿ."

"ಒಂದು ಬಾಯಿ ಸಾಕಾ?"

"ಸಾಕು. ಸಂಬಳ ತಗೊಳ್ಳೋ ಬಾಯಿ ನಡೆಯಲ್ಲ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಕೇಳಬೇಡಿ ಮತ್ತೆ."

ಆಡಿದ ಮೇಲೆ ನನ್ನ ಮಾತು ನನಗೇ ಕಲ್ಲಿನಂತೆ ಕೇಳಿಸಿತು. ಅವನು ಮಾತ್ರ ಒಪ್ಪಂದಕ್ಕೆ ಸಹಿ ಹಾಕುವವನಂತೆ ತಲೆಯಾಡಿಸಿ, ಎರಡೆರಡು ಮೆಟ್ಟಿಲು ಹಾರಿ ಇಳಿದ.

ಮುಂದಿನ ತಿಂಗಳೇ ಆ ಹಾಡು ಬಂತು. ಇಪ್ಪತ್ತೆರಡರ ಹುಡುಗಿಯೊಬ್ಬಳು ಹಾಡಿದ್ದು. ಪಲ್ಲವಿಯಲ್ಲಿ ಆರು ಪದ, ಅದರಲ್ಲಿ ನಾಲ್ಕು ಒಂದೇ ಪದ. ಅದನ್ನು ಕಲಿಸಲು ನನಗೆ ಮೂರು ದಿನ ಹಿಡಿಯಿತು. ಹುಡುಗಿ ಕೆಟ್ಟವಳಲ್ಲ, "ಅಕ್ಕ, ಇದಕ್ಕೇನು ಅರ್ಥ?" ಎಂದು ಕೇಳುವಷ್ಟು ಒಳ್ಳೆಯವಳು. ಅರ್ಥ ಹಾಡು ಬರೆದವನಿಗೂ ಗೊತ್ತಿರಲಿಲ್ಲ.

ಹಾಡು ಬೆಂಕಿಯ ಹಾಗೆ ಹಬ್ಬಿತು. ಬಸ್ಸಿನಲ್ಲಿ ಅದೇ, ಆಸ್ಪತ್ರೆಯ ಸಾಲಿನಲ್ಲಿ ಅದೇ. ನಮ್ಮ ಗೋಡೆಯಾಚೆಯ ದರ್ಜಿ ಹೊಲಿಗೆ ಮೆಷಿನ್ನಿನ ಜೊತೆ ಅದನ್ನೇ ಬೆಳಗಿನಿಂದ ಸಂಜೆವರೆಗೆ ಓಡಿಸುವನು. ಕತ್ತರಿ ನನ್ನನ್ನು ಕಂಡಾಗಲೆಲ್ಲ ಕ್ಯಾಲೆಂಡರಿನ ಕಡೆ ನೋಡುತ್ತಿದ್ದ. ನಾನು ಮುಖ ಸಿಂಡರಿಸುತ್ತಿದ್ದೆ. ಮನೆಗೆ ಬಂದು ಮಾತ್ರ, ದೇವರ ಮುಂದೆ ಕಣ್ಮುಚ್ಚಿ, ಹೇಳಲು ನಾಚಿಕೆ, ಆ ದರಿದ್ರ ಹಾಡಿಗೆ ಆಯುಸ್ಸು ಕೇಳುತ್ತಿದ್ದೆ.

ಒಂದು ಬೆಳಗ್ಗೆ ಅಜ್ಜಿ ಪದ್ಯದ ನಡುವೆ ನಿಲ್ಲಿಸಿ ಗೋಡೆಗೆ ಕಿವಿಗೊಟ್ಟಳು.

"ಹಾಡೋಕೆ ಬರಲ್ಲ ಆ ಹುಡುಗಿಗೆ. ಆದ್ರೆ ಉಸಿರು ನಮ್ಮನೇದು."

"ಏನಜ್ಜಿ?"

"ಕೇಳು. ಎರಡನೇ ಸಾಲಿನ ಮುಂಚೆ. ಅರ್ಧ ತಗೊಂಡು, ಒಂಚೂರು ನಿಂತು, ಮತ್ತರ್ಧ. 'ಬಾಗಿಲಲ್ಲೇ ನಿಲ್ಲು' ಪದ್ಯಕ್ಕೆ ನಿನಗೆ ಕಲಿಸಿದ್ದಲ್ವಾ?"

ಅದು ನಮ್ಮ ಮನೆಯ ಬಹಳ ಹಳೆಯ ಪದ್ಯ. ದೇವರು ಬಾಗಿಲು ತಟ್ಟುತ್ತಾನೆ, ಒಳಗಿನ ಹೆಂಗಸು, ನಿಲ್ಲು ಸ್ವಾಮಿ, ಮುಡಿ ಕಟ್ಟಿಕೊಂಡು ಬಂದೆ, ಎನ್ನುತ್ತಾಳೆ. ಅವಸರದಲ್ಲಿ ಅವಳ ಉಸಿರು ಹಾಗೆ ಎರಡು ತುಂಡಾಗುತ್ತದೆ. ಗೋಡೆಯಾಚೆಯಿಂದ ಬರುತ್ತಿದ್ದುದು ಅದೇ ಉಸಿರು. ನನ್ನದು.

ಸ್ಟುಡಿಯೋದ ಬಾಗಿಲು ದೂಡಿಕೊಂಡು ಹೋದೆ.

"ಕದ್ದಿದ್ದೀರಿ."

ಅವನು ಹೆಡ್‌ಫೋನ್ ಇಳಿಸಿದ. ಯಾವುದನ್ನು ಎಂದು ಕೇಳಲಿಲ್ಲ.

"ಆ ಹುಡುಗಿ ಪದದ ಮಧ್ಯದಲ್ಲಿ ಉಸಿರು ತಗೊಂಡಿದ್ಲು. ತೆಗೆದೆ. ಅಲ್ಲಿ ಖಾಲಿ ಆಯ್ತು. ತಾಳದ ಲೆಕ್ಕ ತಪ್ಪದೇ ಇರಲಿ ಅಂತ ನೀವು ಹಾಡಿಟ್ಟಿದ್ರಲ್ಲ, ಅದರ ಉಸಿರು ಅಂಟಿಸಿದ್ದೆ. ಕಳಿಸೋ ಮುಂಚೆ ತೆಗೀಬೇಕಿತ್ತು. ಮರೆತೆ."

"ನೀವಾ? ಮರೆತ್ರಾ?"

ಬೆರಳುಗಳನ್ನು ನೋಡಿಕೊಂಡ. "ಮರೆಯೋಕೆ ಬಿಟ್ಟೆ. ಎಲ್ಲರದ್ದೂ ಕತ್ತರಿಸ್ತೀನಿ ಟೀಚರಮ್ಮ. ನಿಮ್ಮದಕ್ಕೆ ಕೈ ಬರಲಿಲ್ಲ."

ಬೇರೆ ಯಾರಾದರೂ ಅಲ್ಲೇ ಕರಗುತ್ತಿದ್ದರು. ನಾನೂ ಕರಗಿದೆ. ಅದು ಕಾಣದಂತೆ ನೆಟ್ಟಗೆ ನಿಂತೆ.

"ಅಜ್ಜಿ ಆ ಉಸಿರನ್ನ ದೇವರಿಗೆ ಇಟ್ಟಿದ್ಲು. ನೀವು ಅದನ್ನ ಈ ಆರು ಪದದ ಹಿಂದೆ ಕಟ್ಟಿದ್ದೀರಿ. ತೆಗೀರಿ."

"ತೆಗೆದ್ರೆ ಹಾಡು ಬೇಗ ಸಾಯಬಹುದು. ಜನಕ್ಕೆ ಹಿಡಿಸಿರೋದು ಆ ಜಾಗವೇ ಇರಬಹುದು."

"ನನ್ನ ಉಸಿರಿಂದ ನನ್ನನ್ನೇ ಗೆಲ್ತೀರಾ?"

ಅವನು ತಿರುಗಿ, ನನ್ನ ಕಣ್ಣೆದುರೇ ಹಾಡನ್ನು ತೆರೆದು, ಆ ಚೂರನ್ನು ಕಿತ್ತು, ಹೊಸ ಪ್ರತಿಯನ್ನು ಎಲ್ಲ ಕಡೆ ಏರಿಸಿದ. ಯಜಮಾನರಿಗೆ 'ಚಿಕ್ಕ ರಿಪೇರಿ' ಎಂದು ಬರೆದ. ಬರೆಯುವಾಗ ಅವನ ಕಿವಿಗಳು ಕೆಂಪಾಗಿದ್ದವು.

ಲಕ್ಷಾಂತರ ಜನ ಕೇಳುತ್ತಿದ್ದ ಹಾಡು. ಒಬ್ಬರಿಗೂ ಗೊತ್ತಾಗಲಿಲ್ಲ. ಹಾಡಿದ ಹುಡುಗಿಗೂ ಗೊತ್ತಾಗಲಿಲ್ಲ. ಮಾರನೆಯ ದಿನ ಅಜ್ಜಿ ಮಾತ್ರ ಗೋಡೆಯ ಕಡೆ ಮುಖ ಮಾಡಿ, "ಪಾಪ, ಆ ಹುಡುಗಿ ಉಸಿರು ನಿಂತುಹೋಯ್ತು," ಎಂದಳು.

ಹಾಡು ಬಂದ ಆರನೆಯ ತಿಂಗಳಿಗೆ ದರ್ಜಿಯ ಕೋಣೆಯಿಂದ ಬೇರೆ ಹಾಡು. ಬಸ್ಸಿನಲ್ಲಿ ಬೇರೆ. ಹನ್ನೊಂದನೆಯ ತಿಂಗಳಲ್ಲಿ ಆ ಹುಡುಗಿಗೆ 'ಯುಗದ ದಂತಕಥೆ' ಎಂಬ ಪ್ರಶಸ್ತಿ. ಸಮಾರಂಭದಲ್ಲಿ ಪರದೆಯ ಪಕ್ಕ ನಾನು ಹಾಳೆ ಹಿಡಿದು ನಿಂತಿದ್ದೆ.

"ದಂತಕಥೆ ಅಂದ್ರೆ ಸತ್ತ ಮೇಲೆ ಕೊಡೋದಲ್ವಾ ಅಕ್ಕ?" ಎಂದು ಪಿಸುಗುಟ್ಟಿದಳು.

"ಈಗ ಮುಂಗಡ ಕೊಡ್ತಾರೆ."

ವೇದಿಕೆಯಲ್ಲಿ ಅವಳು ಬರೀ ತುಟಿ ಆಡಿಸಬೇಕಿತ್ತು. ನಡುವೆ ಮೆಷಿನ್ ನಿಂತಿತು. ತುಟಿ ಎರಡು ಕ್ಷಣ ಸದ್ದಿಲ್ಲದೆ ಆಡಿ, ನಿಂತು, ಅವಳು ನೆಲ ನೋಡಿದಳು. ಮುಂದಿನ ಸಾಲು ಅವಳಿಗೆ ಗೊತ್ತಿರಲಿಲ್ಲ, ನಾನು ಪರದೆಯ ಪಕ್ಕದಿಂದ ಪಿಸುಗುಟ್ಟಿದ್ದು ಕೇಳಿಸಲಿಲ್ಲ. ಸಭೆಯಲ್ಲಿದ್ದ ಸಾವಿರ ಜನರಲ್ಲಿ ಒಬ್ಬನಿಗೆ ಗೊತ್ತಿದ್ದರೂ ಎತ್ತಿಕೊಡುತ್ತಿದ್ದ. ಯಾರೂ ಎತ್ತಿಕೊಡಲಿಲ್ಲ. ಅದೂ ಒಂದು ಸ್ಟೈಲ್ ಇರಬೇಕೆಂದು ಚಪ್ಪಾಳೆ ತಟ್ಟಿದರು. ಕತ್ತರಿ ಸೌಂಡ್ ಮಿಕ್ಸರಿನ ಹಿಂದಿನಿಂದ ನನ್ನ ಕಡೆ ನೋಡಿದ. ಜೀವನದಲ್ಲಿ ಮೊದಲ ಸಲ, ನನ್ನ ಮಾತೇ ನಿಜವಾದದ್ದಕ್ಕೆ ನನಗೆ ಅಳು ಬಂತು.

ವರ್ಷ ತುಂಬಿದ ದಿನ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ನಾನು ಆಗ ತಾನೇ ತಲೆಗೆ ನೀರು ಹಾಕಿಕೊಂಡು, ಕೂದಲು ಬಿಟ್ಟುಕೊಂಡಿದ್ದೆ. ಅವನು ಹೊಸಿಲಿನಾಚೆ ನಿಂತಿದ್ದ. ಕಾಲರ್ ಇವತ್ತೂ ಒಂದು ಕಡೆ ಒಳಗೆ.

"ಲೆಕ್ಕ ಒಪ್ಪಿಸೋಕೆ ಬಂದೆ. ಕ್ಷೌರದವನನ್ನ ಕೇಳಿದೆ. 'ಹಾಂ, ಹಾಂ, ಆ ಹಾಡು' ಅಂದ, ಆಮೇಲೆ ಹೆಂಗೆ ಶುರುವಾಗುತ್ತೆ ಅಂತ ನನ್ನನ್ನೇ ಕೇಳ್ದ. ಬಸ್ಸಲ್ಲಿ ಕೇಳಿದೆ. ನಿಮ್ಮ ದರ್ಜಿ ಯಾವ ಹಾಡು ಅಂದ."

"ಐದು ತಿಂಗಳು ನಮ್ಮ ಗೋಡೆ ಅಲ್ಲಾಡಿಸಿದೋನು."

"ಅವನೇ. ಇನ್ನೊಂದು ವಿಷಯ." ಅವನು ನೆಲ ನೋಡಿದ. "ನನಗೂ ನೆನಪಿಲ್ಲ. ನಾನೂರು ಸಲ ಕೇಳಿದ್ದೀನಿ. ದಾರೀಲಿ ಗುನುಗೋಣ ಅಂತ ನೋಡಿದೆ, ಬರಲಿಲ್ಲ. ನೀವು ಹೇಳಿದ್ದು ಸರಿ. ನಾನು ಮಾಡೋದು ಉಳಿಯೋ ವಸ್ತು ಅಲ್ಲ."

"ಏನೂ ನೆನಪಿಲ್ವಾ?"

"ಎರಡನೇ ಸಾಲಿನ ಮುಂಚಿಂದು ಮಾತ್ರ. ಕಿತ್ತು ಹಾಕಿದ್ದು."

ಅವನು ಕಣ್ಮುಚ್ಚಿದ. ಅರ್ಧ ಉಸಿರು ತೆಗೆದುಕೊಂಡ. ಒಂಚೂರು ನಿಂತ. ಮತ್ತರ್ಧ.

ಅದರ ಮುಂದೆ ಅವನಿಗೇನೂ ಬರುತ್ತಿರಲಿಲ್ಲ. ಎದೆ ತುಂಬಿಕೊಂಡು, ಬಾಯಿ ಅರ್ಧ ತೆರೆದು, ಹಾಗೇ ನಿಂತ.

ಒಳಕೋಣೆಯಿಂದ, ಯಾರೋ ಎತ್ತಿಕೊಟ್ಟ ಜಾಗವನ್ನು ಹಿಡಿದುಕೊಂಡಂತೆ, ಅಜ್ಜಿಯ ದನಿ ಎದ್ದಿತು. ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಗಿಲಲ್ಲೇ ನಿಲ್ಲು ಸ್ವಾಮಿ, ಮುಡಿ ಕಟ್ಟಿಕೊಂಡು ಬಂದೆ. ಸಾಲು ಮುಗಿಸಿ ಕೂಗಿದಳು.

"ಯಾರೇ ಅದು?"

"ಸ್ಟುಡಿಯೋದವರು ಅಜ್ಜಿ."

"ಉಸಿರು ಸರಿಯಾಗಿ ತಗೋತಾನೆ. ಯಾರು ಕಲಿಸಿದ್ರು?"

"ಯಾರೂ ಕಲಿಸಿಲ್ಲ. ಕೇಳ್ಕೊಂಡೇ ಕಲಿತಿದ್ದು."

"ನಾನೂ ಹಂಗೇ ಕಲಿತಿದ್ದು," ಎಂದು ಅಜ್ಜಿ ಮುಂದಿನ ಪದ್ಯಕ್ಕೆ ಹೋದಳು.

ಅವನು ಹೊಸಿಲು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. "ಸೋತೆ. ಮತ್ತೆ ಕೇಳಬೇಡಿ ಅಂದಿದ್ರಿ, ಕೇಳಲ್ಲ. ಬರ್ತೀನಿ."

"ಸೋತಿರಿ," ಎಂದೆ. "ನಿಮ್ಮ ಹಾಡು ಸತ್ತಿದ್ದು ನನಗೆ ಸಂತೋಷ, ಆ ಉಸಿರು ನಿಮ್ಮಲ್ಲಿ ಉಳೀತಲ್ಲ. ಇನ್ನೂ ನೂರು ಮಾಡಿ, ಎಲ್ಲವೂ ಸಾಯಲಿ. ನೀವು ಕೇಳಬೇಡಿ. ನಾನು ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ತುಟಿಯ ಒಂದು ಕೊನೆ ಇನ್ನೊಂದು ಕೊನೆಯನ್ನು ಕೇಳಿತು. ಈ ಸಲ ಅದು ಒಪ್ಪಿತು.

ಒಳಗೆ ಬರಲು ಕಾಲೆತ್ತಿದವನನ್ನು ಕೈ ಚಾಚಿ ತಡೆದೆ. ಕಾಲರ್ ಸರಿಮಾಡಿದೆ. ನನ್ನ ಒದ್ದೆ ಕೂದಲಿನಿಂದ ಹೊಸಿಲ ಮೇಲೆ ಹನಿ ಬೀಳುತ್ತಿತ್ತು.

"ಬಾಗಿಲಲ್ಲೇ ನಿಲ್ಲಿ," ಎಂದೆ. "ಬಂದೆ."