ಕಲ್ಲಂಗಡಿಯೊಳಗಿನ ನೀರು

ತಾತ ಸುಳ್ಳು ಹೇಳಿದ. ತೂಕದ ಯಂತ್ರ ಹೇಳಲಿಲ್ಲ.

"ಯಾವಾಗ್ಲೂ ಎರಡು ಕೆಜಿ ಏರಿರುತ್ತೆ. ಇವತ್ತು ಮೂರು," ಅಂದಳು ಡಯಾಲಿಸಿಸ್ ವಾರ್ಡಿನ ಟೆಕ್ನಿಷಿಯನ್ ಅಕ್ಕ.

ಹೊಸ ಸ್ವೆಟರಿನ ಭಾರ ಇರಬೇಕಮ್ಮ ಅಂತ ತಾತ ಕಣ್ಣು ಮಿಟುಕಿಸಿದ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಪ್ಯಾಸೆಂಜರಿಗೆ ಸಬೂಬು ಹೇಳಿ ಪಳಗಿದ ನಾಲಿಗೆ.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಮಾತ್ರ ನಗಲಿಲ್ಲ. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಇನ್ಸ್‌ಪೆಕ್ಟರ್ ಅಂತಲೇ ಕರೆಯೋದು. ತಾತನ ಕಿಡ್ನಿ ಕೆಲಸ ಬಿಟ್ಟು ಎರಡು ವರ್ಷ. ಕುಡಿದ ನೀರು ಮೈಯಲ್ಲೇ ಉಳಿಯುತ್ತೆ. ಅದಕ್ಕೇ ದಿನಕ್ಕೆ ಇಷ್ಟೇ ಅಂತ ಗೆರೆ ಎಳೆದ ಬಾಟಲಿಯಲ್ಲಿ ನೀರು ಅಳೆದು ಕೊಡೋದು ಅವಳ ಡ್ಯೂಟಿ. ಗೆರೆ ದಾಟಿ ಒಂದು ತೊಟ್ಟೂ ಕೊಟ್ಟವಳಲ್ಲ. ಆದರೆ ನಿನ್ನೆ, ಮೊನ್ನೆ, ತಾತ ನಾಲಿಗೆ ಒಣಗ್ತಿದೆ ಅಂದಾಗಲೆಲ್ಲ ಕಲ್ಲಂಗಡಿ ಹೋಳು ಕೊಟ್ಟಿದ್ದಳು. ಅರ್ಧ ಹಣ್ಣು ಖಾಲಿ.

"ನಾನೇ ಕೊಟ್ಟೆ," ಅಂದಳು ನೆಲ ನೋಡುತ್ತಾ. "ಅದು ತಿನ್ನೋದಲ್ವಾ ಅಕ್ಕ? ಕುಡಿಯೋದಲ್ವಲ್ಲ."

ಅಕ್ಕ ಬೈಯಲಿಲ್ಲ. ತಾತನ ಕೈಗೆ ಸೂಜಿ ಹಾಕಿ, ಯಂತ್ರ ಶುರು ಮಾಡಿ, ಅದರ ಪಕ್ಕದಲ್ಲಿದ್ದ ಉದ್ದನೆಯ ಪಾರದರ್ಶಕ ಕೊಳವೆ ತೋರಿಸಿದಳು. ಒಳಗೆ ಕೂದಲಿನಷ್ಟು ಸಣ್ಣ ಸಾವಿರಾರು ನಳಿಗೆಗಳು. ತಾತನ ರಕ್ತ ಆ ನಳಿಗೆಗಳಲ್ಲಿ ಹರಿಯುತ್ತೆ. ನಳಿಗೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ತೂತುಗಳು. ರಕ್ತದ ಕಣ ದಪ್ಪ, ತೂರೋದಿಲ್ಲ, ಒಳಗೇ ಉಳಿಯುತ್ತೆ. ಬೇಡದ ಉಪ್ಪು, ಕಸ, ಹೆಚ್ಚಾದ ನೀರು ತೂರಿಕೊಂಡು ಆಚೆ ಹೋಗುತ್ತೆ.

"ಲೋಟದ ನೀರೋ ಹಣ್ಣಿನ ನೀರೋ ಅಂತ ಈ ಗೋಡೆ ಕೇಳಲ್ಲ ಪುಟ್ಟಿ. ಬಂದಿದ್ದನ್ನೆಲ್ಲ ದಾಟಿಸ್ಬೇಕು. ಆ ಹಣ್ಣಲ್ಲಿ ತಾತನಿಗೆ ಆಗದ ಪೊಟ್ಯಾಸಿಯಂ ಅನ್ನೋ ಉಪ್ಪು ಬೇರೆ ಇದೆ."

ಒಂದು ಗಂಟೆ ಜಾಸ್ತಿ ಹಿಡಿಯುತ್ತೆ ಅಂದಳು ಅಕ್ಕ. ವಾರ್ಡಿಗೆ ಆರೇ ಯಂತ್ರ. ಏಳನೆಯದು ಕೇಳಿ ಅವಳು ಬರೆದ ಅರ್ಜಿಗಳು ಯಾವುದೋ ಟೇಬಲ್ಲಿನ ಮೇಲೆ ಸುಖವಾಗಿ ನಿದ್ದೆ ಹೊಡೀತಿವೆ. ಮುಂದಿನ ಪಾಳಿಯ ಟೈಲರ್ ಅಜ್ಜಿಗೆ ಫೋನ್ ಮಾಡಿ, ತಡವಾಗಿ ಬನ್ನಿ ಅಂತ ಕೇಳಿಕೊಂಡಳು.

ಹುಡುಗಿಯ ಮುಖ ಸಪ್ಪಗಾಯಿತು. ಮೂರೂವರೆಗೆ ಶಾಲೆಯ ಮೈದಾನದಲ್ಲಿ ಅವಳ ಇನ್ನೂರು ಮೀಟರ್ ಓಟ. ಮೊದಲ ಸಲ ಫೈನಲ್ ತಲುಪಿದ್ದಳು. ಮೂರಕ್ಕೆಲ್ಲ ಮುಗಿಸಿಕೊಂಡು ಬರ್ತೀನಿ ಅಂತ ತಾತ ಮಾತು ಕೊಟ್ಟಿದ್ದ.

ತಾತ ಸುಮ್ಮನಿರುತ್ತಾನಾ? ಬಸ್ಸಾದರೆ ಲೇಟಾದಾಗ ಗೇರ್ ಹಾಕಿ ಓಡಿಸ್ತಿದ್ದೆ, ಇದನ್ನೂ ಸ್ವಲ್ಪ ಸ್ಪೀಡಾಗಿ ಎಳೀಮ್ಮ ಅಂದ.

ಅಕ್ಕ ತಲೆ ಅಲ್ಲಾಡಿಸಿದಳು. ರಕ್ತದಲ್ಲಿನ ನೀರು ಆಚೆ ಹೋದ ಹಾಗೆ ಮೈಯ ನೀರು ರಕ್ತಕ್ಕೆ ಬರಬೇಕು, ಅದಕ್ಕೆ ಅದರದೇ ಹೊತ್ತು ಬೇಕು. ಅವಸರಪಡಿಸಿದರೆ ಬಿಪಿ ಇಳಿಯುತ್ತೆ, ಕಾಲಿನ ಮೀನಖಂಡ ಕಲ್ಲಾಗಿ ಹಿಡಿಯುತ್ತೆ.

"ಹಿಡಿದ್ರೆ ಹಿಡೀಲಿ," ಅಂದ ತಾತ. "ಇವಳ ಓಟ ನೋಡ್ಬೇಕು ನಾನು."

ಹುಡುಗಿಗೆ ಹೋದ ತಿಂಗಳು ನೆನಪಾಯಿತು. ಕಾಲು ಹಿಡಿದಾಗ ತಾತ ತುಟಿ ಕಚ್ಚಿಕೊಂಡು ಮಂಚದ ಕಂಬಿ ಬಿಗಿಯಾಗಿ ಹಿಡಿದಿದ್ದ. ಅವಳು ಕೊಳವೆ ನೋಡಿದಳು. ತಾತನ ಮುಖ ನೋಡಿದಳು.

"ಬೇಡ ಅಕ್ಕ. ನಿಧಾನಕ್ಕೇ ಹೋಗ್ಲಿ."

ತಾತ ಅವಳ ಮುಖ ನೋಡಿ, ದಿಂಬಿಗೆ ತಲೆ ಒರಗಿಸಿದ.

ಮೂರು ಗಂಟೆಗೆ ಅವಳು ಎದ್ದಾಗ ತಾತನಿಗೆ ನಿದ್ದೆ ಹತ್ತಿತ್ತು. ಬಾಯಿ ತೆರೆದಿತ್ತು, ಸಣ್ಣ ಗೊರಕೆ. ಕಾಲುಬೆರಳುಗಳು ಹೊದಿಕೆಯಿಂದ ಆಚೆ ಇಣುಕುತ್ತಿದ್ದವು, ಸಡಿಲವಾಗಿ, ನೋವಿಲ್ಲದೆ. ಅವನ್ನು ಮುಚ್ಚಿ, ಸದ್ದಾಗದ ಹಾಗೆ ಬಾಗಿಲೆಳೆದುಕೊಂಡು, ಅವಳು ಮೈದಾನದ ಕಡೆಗೆ ಓಡಿದಳು.