ಸುಣ್ಣವಿಲ್ಲದ ವೀಳ್ಯ

ಯುದ್ಧ ಗೆದ್ದು ತಿಂಗಳುಗಳೇ ಕಳೆದರೂ ಕುಮುದಗಿರಿಯ ರಾಜಬೀದಿಯ ವಿಜಯತೋರಣಗಳನ್ನು ಯಾರೂ ಬಿಚ್ಚಿರಲಿಲ್ಲ. ಮಾವಿನೆಲೆ ಮುರುಟಿತ್ತು, ಬಾಳೆಕಂಬ ಕೊಳೆತು ಲೋಳೆ ಸುರಿಸುತ್ತಿತ್ತು, ಅದರ ಮೇಲೆ ನೊಣಗಳ ದರ್ಬಾರು. ಅರಮನೆಯ ಅಂಗಳಕ್ಕೆ ದಿನವೂ ಪನ್ನೀರು ಚಿಮುಕಿಸುತ್ತಿದ್ದರು. ಕೋಟೆಯ ಹೊರಗೆ, ಆನೆಲದ್ದಿ ಸುರಿಯುವ ಬಯಲಿನಲ್ಲಿ, ಆ ವಿಜಯವನ್ನು ತಂದುಕೊಟ್ಟ ದಂಡು ಹಳೆಯ ಗಾಯಗಳ ಕೀವು ಒರೆಸಿಕೊಂಡು ಬಿದ್ದಿತ್ತು.

ಎದ್ದು ಹೋಗೋಣವೆಂದರೆ ಆ ನಾಡಿನ ಕಟ್ಟಳೆ ಬಿಡುತ್ತಿರಲಿಲ್ಲ. ವೀಳ್ಯ ಹಿಡಿದು ದಂಡಿಗೆ ಹೊರಟವನು ವೀಳ್ಯ ಪಡೆದೇ ಮನೆಗೆ ಮರಳಬೇಕು. ಕಾರ್ಯಕ್ಕೆ ಕಳುಹಿಸುವ ವೀಳ್ಯಕ್ಕೆ ಸುಣ್ಣ ಹಚ್ಚುತ್ತಿರಲಿಲ್ಲ. ಕಾರ್ಯ ಮುಗಿಸಿದವನನ್ನು ಬೀಳ್ಕೊಡುವ ವೀಳ್ಯಕ್ಕೆ ಮಾತ್ರ ಸುಣ್ಣ. ಅದಿಲ್ಲದೆ ಊರು ಸೇರಿದವನನ್ನು ಊರಗೌಡನೇ ಕೈಕಟ್ಟಿ ಹಿಂದಕ್ಕೊಪ್ಪಿಸುತ್ತಿದ್ದ.

ಈಟಿಗಾರ ಬೀಚಣ್ಣ ದಂಡಿಗೆ ಹೊರಟಾಗ ಹೆಂಡತಿ ಮಾಕವ್ವ ತುಂಬು ಬಸುರಿ. ಹೆಣ್ಣು ಹುಟ್ಟಿದೆ, ಹಲ್ಲು ಬಂದಿದೆ, ಕಂಡಕಂಡವರನ್ನು ಕಚ್ಚುತ್ತದೆ ಎಂದು ಉಪ್ಪಿನ ಗಾಡಿಯವನು ಸುದ್ದಿ ತಂದಿದ್ದ. ಆ ಹಲ್ಲಿನಲ್ಲಿ ಒಮ್ಮೆ ಕಚ್ಚಿಸಿಕೊಳ್ಳಬೇಕೆಂಬ ಆಸೆ ಬೀಚಣ್ಣನನ್ನು ಹಸಿವಿಗಿಂತ ಹೆಚ್ಚಾಗಿ ಕಾಡುತ್ತಿತ್ತು.

ಅದಕ್ಕೇ, ದಳವಾಯಿ ತಿಪ್ಪರಸ ತನ್ನ ಡೇರೆಗೆ ಕರೆಸಿ ವೀಳ್ಯ ಚಾಚಿದಾಗ ಅವನು ನೋಡಲೇ ಇಲ್ಲ. ಎರಡೂ ಕೈಯೊಡ್ಡಿ ಪಡೆದು ಕಣ್ಣಿಗೊತ್ತಿಕೊಂಡ.

"ಅದೆಷ್ಟು ಅವಸರವೋ ಬೀಚಾ! ಸುಣ್ಣ ಇದೆಯೇ ಎಂದು ನೋಡಿದೆಯಾ?" ದಳವಾಯಿ ತುಪ್ಪದ ಬೆರಳು ನೆಕ್ಕುತ್ತಾ ನಕ್ಕ.

ಎಲೆಯಲ್ಲಿ ಅಡಿಕೆ ಮಾತ್ರ ಇತ್ತು.

"ನಾಳೆ ಓಲಗದಲ್ಲಿ ನೀನು ಕಾವಲಿಗೆ ನಿಲ್ಲುತ್ತೀ. ಪ್ರಧಾನಿ ಲಕ್ಕಪ್ಪಯ್ಯ ಮಾತಿಗೆ ಏಳುತ್ತಾನೆ. ಎದ್ದವನು ಮತ್ತೆ ಕೂರಬಾರದು. ಆಮೇಲೆ ನನ್ನ ಕೈಯಾರೆ ಸುಣ್ಣ ಹಚ್ಚಿ ಕೊಡುತ್ತೇನೆ, ಊರಿಗೆ ಹೋಗು."

"ಪ್ರಧಾನಿಗಳ ತಪ್ಪೇನು, ಒಡೆಯಾ?"

"ದಂಡನ್ನು ಮನೆಗೆ ಕಳಿಸಿ ಎಂದು ಪ್ರಭುಗಳ ಕಿವಿಯೂದುತ್ತಿದ್ದಾನೆ. ದಂಡಿಲ್ಲದ ದಳವಾಯಿಯನ್ನು ನಾಯಿಯೂ ಮೂಸುವುದಿಲ್ಲ."

ತಮಗಾಗಿ ಬೇಡುವ ಮುದುಕನನ್ನು ಕೊಂದು ತಾನು ಮನೆ ಸೇರಬೇಕು! ಬೀಚಣ್ಣ ಜಿಡ್ಡು ಮೆತ್ತಿದ ಆ ಎಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಬಂದ.

ಮರುದಿನ ಅರಮನೆಯ ಅಂಗಳದ ಓಲಗದಲ್ಲಿ ಪ್ರಧಾನಿ ಎದ್ದು ನಿಂತೊಡನೆ ಬೀಚಣ್ಣ ಈಟಿಯನ್ನು ನೆಲಕ್ಕೆ ಹಾಕಿ, ವೀಳ್ಯವನ್ನು ಅಂಗೈಯಲ್ಲಿ ಹಿಡಿದು ಮುಂದೆ ಬಂದ.

"ಪ್ರಭೂ, ಪ್ರಧಾನಿಗಳನ್ನು ಕೊಲ್ಲೆಂದು ದಳವಾಯಿಗಳು ಕೊಟ್ಟ ವೀಳ್ಯವಿದು. ಸುಣ್ಣವಿಲ್ಲ."

ತಿಪ್ಪರಸನ ಮುಖ ಕಂದಲಿಲ್ಲ. "ಬಿಸಿಲಿಗೆ ತಲೆ ತಿರುಗಿದೆ, ಪಾಪ. ಹೆಂಡತಿಯ ಮುಖ ನೋಡಿ ಬರಲೆಂದು ನಾನೇ ಬೀಳ್ಕೊಟ್ಟ ವೀಳ್ಯ, ಪ್ರಭೂ. ಸುಣ್ಣವನ್ನು ಎಲೆ ಹೀರಿಕೊಂಡಿದೆ, ಅಷ್ಟೇ."

ಅವನ ಔತಣ ಉಂಡವರೆಲ್ಲ ಗೊಳ್ಳೆಂದು ನಕ್ಕರು.

"ಹೌದೇ? ಸುಣ್ಣವಿದ್ದರೆ ಅಗಿದಾಗ ಕೆಂಪಾಗಬೇಕು," ಎಂದ ಬೀಚಣ್ಣ. ವೀಳ್ಯವನ್ನು ಬಾಯಿಗೆ ತುರುಕಿಕೊಂಡು ಸಾವಕಾಶವಾಗಿ ಅಗಿದ. ಸಭೆಯ ಕಣ್ಣೆಲ್ಲ ಅವನ ದವಡೆಯ ಮೇಲೆ. ಚೆನ್ನಾಗಿ ಅಗಿದು, ದಳವಾಯಿಯ ಪಾದದ ಮುಂದೆ, ಪನ್ನೀರು ಚಿಮುಕಿಸಿದ ಆ ನೆಲಕ್ಕೇ ಉಗುಳಿದ.

ಹಸಿರು ರಾಡಿ. ಒಂದು ಹನಿ ಕೆಂಪಿಲ್ಲ.

ತಾಂಬೂಲದಿಂದ ಬಾಯಿಗಳೆಲ್ಲ ಕೆಂಪಾಗಿದ್ದ ಆ ಸಭೆಯಲ್ಲಿ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ದಳವಾಯಿಯನ್ನು ಎಳೆದೊಯ್ದರು. ಈಗಷ್ಟೇ ನಕ್ಕವರು "ಸ್ವಾಮಿನಿಷ್ಠ! ಸ್ವಾಮಿನಿಷ್ಠ!" ಎಂದು ಕೂಗತೊಡಗಿದರು. ಬಾಯಲ್ಲಿ ಉಳಿದಿದ್ದ ಒಗರಿಗಿಂತ ಆ ಕೂಗೇ ಬೀಚಣ್ಣನಿಗೆ ಹೆಚ್ಚು ಹೇಸಿಗೆ ಹುಟ್ಟಿಸಿತು.

"ಪ್ರಧಾನಿಗಳ ಮಾತಿನಂತೆ ದಂಡು ಮನೆಗೆ ಹೋಗಲಿ," ಎಂದರು ಪ್ರಭುಗಳು. "ಆದರೆ ತಿಪ್ಪರಸನ ನೆಂಟರು ಊರ ತುಂಬಾ ಇದ್ದಾರೆ. ನನ್ನ ಬಾಗಿಲಿಗೆ ನಂಬಿಗಸ್ತನೊಬ್ಬ ಬೇಕು. ನೀನು ನಿಂತರೆ ದಂಡನ್ನು ಬಿಡುತ್ತೇನೆ. ಇಲ್ಲವಾದರೆ ಒಬ್ಬನನ್ನೂ ಬಿಡಲಾರೆ."

ಪ್ರಧಾನಿ ತಲೆ ತಗ್ಗಿಸಿದರು. "ಮಗೂ, ನಿನಗೆ ಇಷ್ಟವಿಲ್ಲದಿದ್ದರೆ…" ಎಂದರು.

ಕೋಟೆಯಾಚೆಯ ಬಯಲಿನಿಂದ ಯಾರದೋ ನರಳಾಟ ಗಾಳಿಯಲ್ಲಿ ತೇಲಿ ಬರುತ್ತಿತ್ತು.

"ನಿಲ್ಲುತ್ತೇನೆ, ಪ್ರಭೂ."

ಸಂಜೆಯೊಳಗೆ ದಂಡು ಕೆಂಪು ಬಾಯಿ ಒರೆಸಿಕೊಳ್ಳುತ್ತಾ ಊರುಗಳ ದಾರಿ ಹಿಡಿಯಿತು. ಮಾಕವ್ವನ ತಮ್ಮ ಕಲ್ಲಯ್ಯ ಮಾತ್ರ ಅರಮನೆಯ ಬಾಗಿಲಲ್ಲಿ ತಡೆದು ನಿಂತ.

"ಅಕ್ಕನಿಗೆ ಏನು ಹೇಳಲಿ, ಭಾವ?"

"ಪ್ರಭುಗಳು ನನ್ನನ್ನು ಬಹಳ ಮೆಚ್ಚಿದ್ದಾರೆ ಎನ್ನು."

"ಯಾವಾಗ ಬರುತ್ತಾನೆಂದು ಕೇಳಿದರೆ?"

ಒಳಗೆ ಹೊಗಳುಭಟರು ಅವನ ಹೆಸರನ್ನು ಸೇರಿಸಿಕೊಂಡು ಹೊಸ ಬಿರುದೊಂದನ್ನು ಒದರುತ್ತಿದ್ದರು. ಬೀಚಣ್ಣ ಬಾಗಿಲಿಗೆ ಬೆನ್ನು ಕೊಟ್ಟು ಈಟಿಯನ್ನು ನೆಟ್ಟಗೆ ಹಿಡಿದ.

"ಮೆಚ್ಚುಗೆ ತೀರಿದ ಮೇಲೆ," ಎಂದ.