ಗಂಜಿ ಖೋಲಿಯ ಪ್ರಭಾವಾಂಕ

ಉಲ್ಲೇಖಮಾಪಕವು ಡಾ. ಗಂಗಾಂಬಿಕಾ ಹುಣಶ್ಯಾಳರ ಹೆಸರನ್ನು ಕೇಳಿಸಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಟ್ಟಿತು: "ಪ್ರಕಟಿತ ಪ್ರಬಂಧ ಒಂದು. ಐದು ವರ್ಷಗಳಲ್ಲಿ ಉಲ್ಲೇಖ ಸೊನ್ನೆ. ಪ್ರಭಾವಾಂಕ ಸೊನ್ನೆ. ಪ್ರಯೋಗಾಲಯವನ್ನು ಮುಚ್ಚಬಹುದು."

ಅಂಗೈಯಗಲದ ಆ ಯಂತ್ರವನ್ನು ಹಿಡಿದು ರಾಜಧಾನಿಯಿಂದ ನೂಲಾಪುರಕ್ಕೆ ಬಂದಿದ್ದವರು ಅದನ್ನು ನಿರ್ಮಿಸಿದ ವಿಜ್ಞಾನಿ ಡಾ. ಪ್ರಭಂಜನ ಉಪಾಧ್ಯ. ಮನುಷ್ಯ ಕೆಟ್ಟವರೇನಲ್ಲ. ಅವರ ಯಂತ್ರ ಜಗತ್ತಿನ ಅಷ್ಟೂ ವೈದ್ಯಕೀಯ ಪ್ರಬಂಧಗಳನ್ನು ಪ್ರತಿದಿನ ಓದುತ್ತಿತ್ತು. ಒಬ್ಬ ಸಂಶೋಧಕರ ಬರಹವನ್ನು ಬೇರೆಯವರು ತಮ್ಮ ಬರಹಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂದು ಎಣಿಸಿ ಪ್ರಭಾವಾಂಕ ಹೇಳುತ್ತಿತ್ತು. ವಶೀಲಿ ಇಲ್ಲ, ಶಿಫಾರಸು ಇಲ್ಲ, ಜಾತಿ ಇಲ್ಲ. ಆಹಾ, ಎಂಥ ನ್ಯಾಯ! ನಾಡಿನಲ್ಲಿ ಯಾವ ಪ್ರಯೋಗಾಲಯ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನೆಲ್ಲ ಸರ್ಕಾರ ಅದಕ್ಕೇ ಒಪ್ಪಿಸಿ ಕೈತೊಳೆದುಕೊಂಡಿತು.

ಈಗ ಆ ಒಂದೇ ಒಂದು ಪ್ರಬಂಧದ ವಿಷಯ. ನೂಲಾಪುರ ನೇಕಾರರ ಊರು. ಅಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ನಡುಕಜ್ವರ ಬರುತ್ತಿತ್ತು. ಬದುಕಿದವರ ಕೈಕಾಲು ಮತ್ತೆ ಸ್ವಾಧೀನಕ್ಕೆ ಬರುತ್ತಿರಲಿಲ್ಲ. ರಾಜಧಾನಿಯ ಪ್ರಾಧ್ಯಾಪಕರೊಬ್ಬರು ಇದು ಸೊಳ್ಳೆಯಿಂದ ಬರುತ್ತದೆಂದು ಬರೆದರು. ಶುದ್ಧ ತಪ್ಪು! ಆದರೆ ತಪ್ಪೆಂದು ತೋರಿಸಲಿಕ್ಕೇ ನಾನೂರು ಜನ ಅದನ್ನು ಹೆಸರಿಸಿದರು, ಪ್ರಾಧ್ಯಾಪಕರ ಪ್ರಭಾವಾಂಕ ಮುಗಿಲು ಮುಟ್ಟಿತು. ಗಂಗಾಂಬಿಕಾ ಮನೆಮನೆ ಅಲೆದು ನಿಜವಾದ ಕಾರಣ ಹಿಡಿದರು. ಮಗ್ಗದ ಹಾಸಿನ ನೂಲು ಗಟ್ಟಿಯಾಗಲೆಂದು ಹಚ್ಚುವ ಗಂಜಿಯಲ್ಲಿ ಕಣ್ಣಿಗೆ ಕಾಣದ ಒಂದು ಬೂಷ್ಟು ಬೆಳೆಯುತ್ತಿತ್ತು. ಮಗ್ಗದ ಪಕ್ಕದಲ್ಲಿ ಮಲಗುವ ಕೂಸುಗಳ ಉಸಿರಿಗೆ ಅದು ಸೇರುತ್ತಿತ್ತು. ಅವರು ಎಂಟು ಪುಟದ ಪ್ರಬಂಧ ಬರೆದು, ಊರಿನ ಗಂಜಿ ಮಡಕೆಗಳನ್ನೆಲ್ಲ ಪ್ರತಿ ವಾರ ಪರೀಕ್ಷಿಸುವ ಪುಟ್ಟ ಪ್ರಯೋಗಾಲಯ ತೆರೆದರು. ಊರವರ ಬಾಯಲ್ಲಿ ಅದು ಗಂಜಿ ಖೋಲಿ. ಜ್ವರ ನಿಂತೇಹೋಯಿತು. ರೋಗವೇ ಇಲ್ಲದ ಮೇಲೆ ಯಾರು ಅದರ ಬಗ್ಗೆ ಬರೆಯುತ್ತಾರೆ, ಯಾರು ಇವರನ್ನು ಹೆಸರಿಸುತ್ತಾರೆ?

"ಅಲ್ರೀ ಸರ," ಎಂದಳು ಬನಶಂಕ್ರವ್ವ. ಅರವತ್ತು ದಾಟಿದ ನೇಕಾರ ಹೆಂಗಸು. ಮನೆಮನೆಯ ಗಂಜಿಯನ್ನು ಖೋಲಿಗೆ ತಂದು ಮುಟ್ಟಿಸುವ ಕೆಲಸ ಅವಳದು. "ಐದ ವರ್ಷದಾಗ ಒಂದ ಕೂಸಿಗೂ ಜ್ವರ ಬಂದಿಲ್ಲ. ಇದನ್ನ ನಿಮ್ಮ ಯಂತ್ರಕ್ಕ ಹೇಳ್ರಿ."

"ಬಾರದ ಜ್ವರವನ್ನು ಎಣಿಸುವುದು ಹೇಗಮ್ಮ? ನಡೆದದ್ದನ್ನು ಮಾತ್ರ ಎಣಿಸಬಹುದು," ಎಂದರು ಉಪಾಧ್ಯ, ಪಾಠ ಹೇಳುವವರ ತಾಳ್ಮೆಯಿಂದ.

ಗಂಗಾಂಬಿಕಾ ಸಿಡಿದರು. "ಹಂಗಾದ್ರ ಬರೂತನಕ ಕಾಯೋದೇನ್ರೀ? ಹಿಡಿದ ಕೆಲಸ ನೆಟ್ಟಗ ಮಾಡಿದ್ದಕ್ಕ ಶಿಕ್ಷಾ ಏನ್ರೀ ಇದು? ಖೋಲಿ ಮುಚ್ಚಿದ್ರ ಆರ ತಿಂಗಳದಾಗ ಜ್ವರ ಬರ್ತೈತಿ. ಬರಕೊಳ್ರಿ!"

ಉಪಾಧ್ಯ ಬರೆದುಕೊಂಡರು. ವರದಿಯ ಕೊನೆಯ ಪುಟದಲ್ಲಿ, ಅಡಿಟಿಪ್ಪಣಿಯಾಗಿ. ಮರುದಿನವೇ ಖೋಲಿಯ ಸೂಕ್ಷ್ಮದರ್ಶಕಗಳು ಗಾಡಿ ಹತ್ತಿ ಹೋದವು. ಎಲ್ಲಿಗೆ? ಆ ಸೊಳ್ಳೆ ಪ್ರಾಧ್ಯಾಪಕರ ಸಂಸ್ಥೆಗೆ! ಮೈ ಉರಿಯದೆ ಇನ್ನೇನಾಗುತ್ತದೆ?

ಆರು ತಿಂಗಳೂ ಬೇಕಾಗಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಹದಿನಾರು ಮಕ್ಕಳು ಮಲಗಿದರು. ಇಬ್ಬರು ಏಳಲಿಲ್ಲ. ಬನಶಂಕ್ರವ್ವನ ಮೂರು ವರ್ಷದ ಮೊಮ್ಮಗಳು ಸಾವಂತ್ರಿ ಉಳಿದಳು. ಆದರೆ ಒಂದು ತುತ್ತನ್ನು ಬಾಯಿಗೆ ಒಯ್ಯಲಾಗದಷ್ಟು ಅವಳ ಕೈ ನಡುಗುತ್ತಿತ್ತು. ಆಗ ನೋಡಬೇಕಿತ್ತು, ದೇಶವಿದೇಶದ ಸಂಶೋಧಕರಿಗೆಲ್ಲ ನೂಲಾಪುರದ ಮೇಲೆ ಉಕ್ಕಿದ ಪ್ರೀತಿಯನ್ನು! ಒಂದೊಂದು ಮಗುವಿನ ಬಗ್ಗೆಯೂ ಹತ್ತಾರು ಪ್ರಬಂಧ ಬಂದವು. ಎಲ್ಲವೂ ಗಂಗಾಂಬಿಕಾರ ಎಂಟು ಪುಟಗಳನ್ನು ಹೆಸರಿಸಿದವು, ಏಕೆಂದರೆ ಬೇರೆ ಸರಿಯಾದ ಪ್ರಬಂಧ ಇರಲೇ ಇಲ್ಲ.

ಉಪಾಧ್ಯ ಮತ್ತೆ ಬಂದರು, ಈ ಸಲ ಶಾಲು ಹಾರಗಳೊಂದಿಗೆ. ಗಂಗಾಂಬಿಕಾ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದರು.

"ಅಭಿನಂದನೆಗಳು ಮೇಡಂ! ಈ ವರ್ಷದ ಪ್ರಭಾವಾಂಕದಲ್ಲಿ ಇಡೀ ನಾಡಿಗೆ ನೀವೇ ಪ್ರಥಮ. ಖೋಲಿಯನ್ನು ಇವತ್ತೇ ತೆರೆಯಲು ಆದೇಶ ತಂದಿದ್ದೇನೆ."

"ಶಾಲು ಅಲ್ಲೇ ಇಡ್ರಿ. ಎರಡ ಕೂಸು ಮಣ್ಣ ಮಾಡಿ ಬಂದೀವಿ ನಾವು. ನಾಚಿಕಿ ಆಗಬೇಕ್ರೀ!" ಗಂಗಾಂಬಿಕಾ ಕೇಳಿದರು, "ಖೋಲಿ ತೆರೀತೀವಿ, ಜ್ವರ ನಿಲ್ತೈತಿ. ನಿಂತ ಮ್ಯಾಲೆ ಏನ್ ಮಾಡ್ತೀರಿ?"

ಉಪಾಧ್ಯರ ಮುಖ ಸಪ್ಪಗಾಯಿತು. "ನಿಯಮ ಈಗ ಇನ್ನೂ ಬಿಗಿಯಾಗಿದೆ, ಮೇಡಂ. ಪ್ರತಿ ವರ್ಷ ನೂರು ಉಲ್ಲೇಖ ಬರದಿದ್ದರೆ ಮುಚ್ಚಲೇಬೇಕು."

ಮೊಮ್ಮಗಳಿಗೆ ಅಂಬಲಿ ಕುಡಿಸುತ್ತಿದ್ದ ಬನಶಂಕ್ರವ್ವ ತಲೆ ಎತ್ತಿದಳು. "ಹಂಗಾದ್ರ ನಮ್ಮ ಖೋಲಿ ಉಳೀಬೇಕಂದ್ರ ವರ್ಷಕ್ಕ ಎಷ್ಟ ಕೂಸು ಬೀಳಬೇಕ್ರಿ?"

ಉಪಾಧ್ಯರ ಕೈಯಲ್ಲಿದ್ದ ಯಂತ್ರ, ಯಾರು ಏನು ಕೇಳಿದರೂ ಉತ್ತರಿಸುವಂತೆ ಅವರೇ ಮಾಡಿಟ್ಟದ್ದು. ಸುಮ್ಮನಿರುವುದು ಅದಕ್ಕೆ ಗೊತ್ತಿರಲಿಲ್ಲ.

"ರೋಗಿಯೊಬ್ಬರಿಗೆ ಸರಾಸರಿ ಹನ್ನೆರಡು ಉಲ್ಲೇಖ," ಎಂದಿತು ಅದು, ಅಚ್ಚುಕಟ್ಟಾದ ಕನ್ನಡದಲ್ಲಿ. "ವರ್ಷಕ್ಕೆ ಒಂಬತ್ತು ಮಕ್ಕಳು ಸಾಕು."

ವಾರ್ಡಿನಲ್ಲಿದ್ದ ತಾಯಂದಿರೆಲ್ಲ ತಿರುಗಿ ನೋಡಿದರು. ಉಪಾಧ್ಯ ಯಂತ್ರವನ್ನು ಆರಿಸಲು ತಡಕಾಡಿದರು. ಬೆರಳಿಗೆ ಗುಂಡಿ ಸಿಗಲಿಲ್ಲ. ಬನಶಂಕ್ರವ್ವ ಅಂಬಲಿ ಬಟ್ಟಲನ್ನು ಕೆಳಗಿಟ್ಟು, ನಡುಗುತ್ತಿದ್ದ ಸಾವಂತ್ರಿಯನ್ನು ಎತ್ತಿ ತಂದು ಅವರ ತೋಳಿಗೆ ಕೊಟ್ಟಳು.

"ಹಿಡೀರಿ ಸರ," ಎಂದಳು. "ಎಣಸಾಕ ಸುರು ಮಾಡ್ರಿ. ಇದು ಒಂದ."